ಡಿಸೆಂಬರ್ ಕೋಟಾ, ಜನವರಿ ಹಡಗು

2004ರ ಡಿಸೆಂಬರ್ 31ರವರೆಗೆ ಅಮೆರಿಕಕ್ಕೆ ಹತ್ತಿ ಬಟ್ಟೆ ಕಳಿಸೋದಕ್ಕೆ ಕೈಯಲ್ಲಿ ಆರ್ಡರ್ ಇದ್ದರೆ ಸಾಲದು, ಕೋಟಾನೂ ಇರಬೇಕಿತ್ತು. ಯಾವ ನಮೂನೆಯ ಬಟ್ಟೆ ವರ್ಷಕ್ಕೆ ಎಷ್ಟು ಹೋಗಬಹುದು ಅಂತ ಎರಡು ಸರ್ಕಾರಗಳು ಕೂತು ಒಪ್ಪಿಕೊಂಡ ಲೆಕ್ಕ ಅದು. ಗ್ರೇ ಬಟ್ಟೆ (ಬಿಳುಪು ಮಾಡದ, ಬಣ್ಣ ಹಾಕದ ಬಟ್ಟೆ) ಮತ್ತು ಅಡುಗೆಮನೆ ಟವೆಲ್ ಕಳಿಸುತ್ತಿದ್ದ ದಾವಣಗೆರೆಯ ಒಂದು ಸಣ್ಣ ಘಟಕದಲ್ಲಿ ಆ ಲೆಕ್ಕ ನೋಡಿಕೊಳ್ಳೋದು ನನ್ನ ಕೆಲಸವಾಗಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಮಾಡಿದ್ದ ಊರಲ್ಲಿ ದೊಡ್ಡ ಮಿಲ್ಲುಗಳ ಸೈರನ್ ಆಗಲೇ ಒಂದೊಂದಾಗಿ ನಿಂತಿತ್ತು. ಉಳಿದವರು ನಮ್ಮಂಥ ಪವರ್‌ಲೂಮ್‌ನೋರು.

ವರ್ಷದ ಮೊದಲು ಹೇಳಿದ ಮಿತಿ ವರ್ಷವಿಡೀ ಹಾಗೇ ಇರುತ್ತೆ ಅಂತ ನಮ್ಮ ಸಾಹುಕಾರರೂ ಸೇರಿ ತುಂಬಾ ಜನ ನಂಬಿದ್ದರು. ಹಾಗೇನಿಲ್ಲ. ಅದನ್ನು ನಡುನಡುವೆ ಏರಿಸಿ ಇಳಿಸುತ್ತಿದ್ದರು, ನಾನು ಕಣ್ಣಿಟ್ಟಿರುತ್ತಿದ್ದದ್ದೇ ಆ ಏರಿಳಿತದ ಮೇಲೆ. ಬಹುತಂತು ಒಪ್ಪಂದ ಅಂತ 1974ರಲ್ಲಿ ಶುರುವಾದ ವ್ಯವಸ್ಥೆಯಲ್ಲೇ ಇದಕ್ಕೆ ಮೂರು ದಾರಿ ಬಿಟ್ಟಿದ್ದರು. ಒಂದು ನಮೂನೆಯಲ್ಲಿ ಮಿಕ್ಕ ಕೋಟಾ ಇನ್ನೊಂದಕ್ಕೆ ತಿರುಗಿಸೋದು ಸ್ವಿಂಗ್, ಸಾಮಾನ್ಯವಾಗಿ ಶೇ. 7ರವರೆಗೆ. ಹೋದ ವರ್ಷ ಬಳಸದೆ ಉಳಿದದ್ದನ್ನು ಈ ವರ್ಷಕ್ಕೆ ತರೋದು ಕ್ಯಾರಿಓವರ್. ಬರೋ ವರ್ಷದ್ದನ್ನು ಈಗಲೇ ಎತ್ತಿಕೊಳ್ಳೋದು ಕ್ಯಾರಿಫಾರ್ವರ್ಡ್. ಈ ಎರಡೂ ಸೇರಿ ಶೇ. 10 ದಾಟಬಾರದು, ಅದರಲ್ಲಿ ಕ್ಯಾರಿಫಾರ್ವರ್ಡ್ ಶೇ. 5ರೊಳಗೆ.

ಸ್ವಿಂಗ್ ಲೆಕ್ಕ ಮಾಡೋದು ನನಗೆ ಇಷ್ಟವಾಗಿತ್ತು. ಕೆಜಿಯಲ್ಲಿರೋದನ್ನು ಡಜನ್‌ಗೆ, ಡಜನ್‌ನಲ್ಲಿರೋದನ್ನು ಮೀಟರ್‌ಗೆ ನೇರವಾಗಿ ಬದಲಿಸೋಕೆ ಬರೋದಿಲ್ಲವಲ್ಲ, ಅದಕ್ಕೆ ಎಲ್ಲವನ್ನೂ ಮೊದಲು ಚದರ ಮೀಟರ್‌ಗೆ ಇಳಿಸಬೇಕು. ಅಡುಗೆಮನೆ ಟವೆಲ್‌ನ ನಮೂನೆ ನಂಬರ್ 369-ಡಿ, ಕೆಜಿಗೆ 8.5 ಚದರ ಮೀಟರ್. ದುಂಡು ಕುಣಿಕೆಯ ಟೆರ್ರಿ ಟವೆಲ್ 363, ಒಂದಕ್ಕೆ 0.4. ಶೀಟಿಂಗ್ ಬಟ್ಟೆ 313, ಅದು ಮೊದಲೇ ಚದರ ಮೀಟರ್‌ನಲ್ಲೇ ಇದೆ. 369-ಡಿಯಿಂದ 1,000 ಕೆಜಿ ತೆಗೆದರೆ 8,500 ಚದರ ಮೀಟರ್ ಸಿಗುತ್ತೆ. ಅದನ್ನು ಶೀಟಿಂಗ್‌ಗೆ ಹಾಕಿದರೆ ಅಷ್ಟೇ ಚದರ ಮೀಟರ್, ಟೆರ್ರಿಗೆ ಹಾಕಿದರೆ 21,250 ಟವೆಲ್. ಕ್ಯಾಲ್ಕುಲೇಟರ್ ಹಿಡಿದು ಈ ಲೆಕ್ಕವನ್ನು ಆಚೆಯಿಂದಲೂ ಈಚೆಯಿಂದಲೂ ಮಾಡಿ ನೋಡುತ್ತಿದ್ದೆ. ನಾನು ಮಾಡಿದೆ ಅಂತ ಕೋಟಾ ಏನೂ ಬದಲಾಗೋದಿಲ್ಲ, ಅದು ಇಡೀ ದೇಶದ ಲೆಕ್ಕ. ದೆಹಲಿಯವರು ಕೇಳಬೇಕು, ವಾಷಿಂಗ್ಟನ್‌ನಲ್ಲಿ ಸಿಟಾ ಅನ್ನೋ ಸಮಿತಿ ಒಪ್ಪಿ ಅವರ ಕಸ್ಟಮ್ಸ್‌ಗೆ ಆದೇಶ ಕೊಡಬೇಕು, ಅದು ಅವರ ಫೆಡರಲ್ ರಿಜಿಸ್ಟರ್‌ನಲ್ಲಿ ಅಚ್ಚಾಗಬೇಕು. ಆದರೆ ಯಾವುದು ತುಂಬುತ್ತಿದೆ, ಯಾವುದು ಖಾಲಿ ಬಿದ್ದಿದೆ ಅಂತ ಗೊತ್ತಿದ್ದರೆ ಮುಂದೆ ಯಾವ ಕಡೆಯಿಂದ ಯಾವ ಕಡೆಗೆ ತಿರುಗಿಸುತ್ತಾರೆ ಅನ್ನೋದನ್ನು ಅಂದಾಜು ಮಾಡಬಹುದಿತ್ತು.

ಅಂದಾಜಿಗೆ ಆಧಾರ ಮುಂಬೈನಿಂದ ಟೆಕ್ಸ್‌ಪ್ರೊಸಿಲ್, ಅಂದರೆ ಹತ್ತಿ ಜವಳಿ ರಫ್ತು ಉತ್ತೇಜನ ಮಂಡಳಿ, ಕಳಿಸುತ್ತಿದ್ದ ಸುತ್ತೋಲೆ. ನೂಲು, ಬಟ್ಟೆ, ಟವೆಲ್ ಥರದ್ದರ ಕೋಟಾ ಹಂಚುತ್ತಿದ್ದದ್ದು ಅವರು, ಸಿದ್ಧ ಉಡುಪಿನದ್ದು ಎಇಪಿಸಿ ಅನ್ನೋ ಉಡುಪು ರಫ್ತು ಮಂಡಳಿ. ಹಳೇ ರಫ್ತುದಾರರಿಗೆ ಹಿಂದಿನ ಸಾಧನೆ ನೋಡಿ ಸಿಂಹಪಾಲು, ನಮ್ಮಂಥವರಿಗೆ ಮೊದಲು ಬಂದವರಿಗೆ ಮೊದಲು ಅನ್ನೋ ಸಾಲಿನಲ್ಲಿ ಒಂದಿಷ್ಟು. ಸಾಲದ್ದನ್ನು ಹಳಬರ ಹತ್ತಿರ ಪ್ರೀಮಿಯಂ ಕೊಟ್ಟು ಕೊಳ್ಳಬೇಕು. ಮಗ್ಗವೇ ಇಲ್ಲದವರು ಬರೀ ಕೋಟಾ ಮಾರಿಕೊಂಡು ಚೆನ್ನಾಗಿದ್ದರು. ಸುತ್ತೋಲೆ ಮುಂಬೈನವರ ಕೈಗೆ ಬೆಳಿಗ್ಗೆ ಸಿಕ್ಕಿದರೆ ಪ್ರೀಮಿಯಂ ದರ ಸಂಜೆಯೊಳಗೆ ಏರಿರುತ್ತಿತ್ತು. ಪಿ.ಬಿ. ರಸ್ತೆಯಲ್ಲಿ ಕೂತವನಿಗೆ ಸುದ್ದಿ ತಲುಪುವಾಗ ದರ ಅದಾಗಲೇ ಕೈಗೆಟುಕದಷ್ಟು ಮೇಲೆ.

ಸುದ್ದಿಯಲ್ಲಿ ಅವರನ್ನು ಹಿಂದೆ ಹಾಕೋಕೆ ಆಗೋದಿಲ್ಲ ಅಂತ ಗೊತ್ತಾದ ಮೇಲೆ ನಾನು ಮಗ್ಗದ ಕಡೆ ನೋಡಿದೆ. ಸಾದಾ ನೇಯ್ಗೆಯ ಹತ್ತಿ ಬಟ್ಟೆ ಅಂದರೆ ಒಂದೇ ಅಲ್ಲ. ನೂಲಿನ ಕೌಂಟು (ಅದರ ಸಣ್ಣ-ದಪ್ಪದ ಅಳತೆ), ಬಟ್ಟೆಯ ತೂಕ, ಎಳೆಗಳ ಒತ್ತು ನೋಡಿ ಅದು ಡಕ್ 219 ಆಗಬಹುದು, ಶೀಟಿಂಗ್ 313 ಆಗಬಹುದು, ಪಾಪ್ಲಿನ್ 314 ಆಗಬಹುದು, ಪ್ರಿಂಟ್ ಕ್ಲಾತ್ 315 ಆಗಬಹುದು. 313 ತುಂಬುತ್ತಿದೆ ಅಂತ ಕಂಡರೆ ಖರೀದಿದಾರರ ಏಜೆಂಟರಿಗೆ ಬೇರೆ ಕೌಂಟಿನ ತುಂಡು ನೇಯಿಸಿ ಕಳಿಸುತ್ತಿದ್ದೆ. ಚೀಲಕ್ಕೋ ಒಳಪದರಕ್ಕೋ ಹೋಗೋ ಬಟ್ಟೆಯಾದರೆ ಅವರು ಸಾಮಾನ್ಯವಾಗಿ ಒಪ್ಪುತ್ತಿದ್ದರು. ಬದಲಾವಣೆ ನಿಜವಾಗಿ ಹಾಸು ಹೊಕ್ಕಿನಲ್ಲೇ ಆಗಬೇಕು ಅನ್ನೋದನ್ನು ಮಾತ್ರ ನಾನು ಬಿಡಲಿಲ್ಲ. ಇನ್‌ವಾಯ್ಸ್‌ನಲ್ಲಿ ನಂಬರ್ ತಿದ್ದಿ ಕಳಿಸಿದವರ ಮಾಲು ಅಲ್ಲಿನ ಪ್ರಯೋಗಾಲಯದಲ್ಲಿ ಸಿಕ್ಕಿಬಿದ್ದರೆ ಮುಂದಿನ ಮಾಲಿಗೂ ಕಾಟ.

ಹೀಗೆ ಬದಲಿಸೋ ನಿರ್ಧಾರ ಮಗ್ಗಕ್ಕೆ ಬೀಮ್, ಅಂದರೆ ಹಾಸಿನ ನೂಲು ಸುತ್ತಿದ ಉರುಳೆ, ಏರಿಸೋ ಮುಂಚೆಯೇ ಆಗಬೇಕು. ನಮ್ಮ ಮಗ್ಗದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಒಮ್ಮೆ ಕೇಳಿದ್ದ: "ಬೀಮ್ ಏರಿಸಿಬಿಟ್ಟ ಮ್ಯಾಲೆ ವಾಷಿಂಗ್ಟನ್ನೋರು ಬಂದು ಇಳಿಸಿಕೊಡ್ತಾರೇನ್ರೀ ಸಾರ್?" ಆಮೇಲೆ ಸುತ್ತೋಲೆ ಬಂದ ದಿನ ಅವನನ್ನೂ ಆಫೀಸಿಗೆ ಕರೆದು ಓದಿ ಹೇಳೋದು ರೂಢಿಯಾಯಿತು.

ಕ್ಯಾರಿಫಾರ್ವರ್ಡ್ ಸುದ್ದಿ ಬಂದರೆ ಎಲ್ಲರೂ ಹಿಗ್ಗುತ್ತಿದ್ದರು, ನನಗೆ ಮಾತ್ರ ಅದು ಕೈಸಾಲದ ಹಾಗೆ ಕಾಣುತ್ತಿತ್ತು. ಈಗ ಎತ್ತಿಕೊಂಡದ್ದನ್ನು ಮುಂದಿನ ವರ್ಷದ ಮಿತಿಯಲ್ಲಿ ಕಳೆಯುತ್ತಾರೆ. ಅದರ ಜೊತೆ, ಮಿತಿ ತುಂಬಿದ ಮೇಲೆ ಅಮೆರಿಕ ಮುಟ್ಟಿದ ಮಾಲು ಅಲ್ಲಿನ ಕಸ್ಟಮ್ಸ್ ಹಿಡಿತದ ಬಾಂಡೆಡ್ ಗೋದಾಮಿನಲ್ಲಿ ಬಾಡಿಗೆ ಕಟ್ಟಿಕೊಂಡು ಕೂತಿರುತ್ತೆ, ಹೊಸ ವರ್ಷ ಬಾಗಿಲು ತೆಗೆದ ಕೂಡಲೇ ಮೊದಲು ನುಗ್ಗೋದು ಅದೇ. ಎರಡೂ ಕಡೆಯಿಂದ ಜನವರಿಯ ಕೋಟಾ ಸೊರಗುತ್ತಿತ್ತು. ಹಾಗಾಗಿ ಕ್ಯಾರಿಫಾರ್ವರ್ಡ್ ಆದ ನಮೂನೆಯಲ್ಲಿ ಮುಂದಿನ ವರ್ಷದ ಮೊದಲರ್ಧಕ್ಕೆ ದೊಡ್ಡ ಆರ್ಡರ್ ಹಿಡಿಯಬೇಡಿ ಅಂತ ಸಾಹುಕಾರರಿಗೆ ಹೇಳುತ್ತಿದ್ದೆ. ಯಾವ ವರ್ಷದ ಖಾತೆ ಅನ್ನೋದು ಮಾಲು ಮುಟ್ಟಿದ ದಿನದ ಮೇಲಲ್ಲ, ಹಡಗು ನಮ್ಮ ಬಂದರು ಬಿಟ್ಟ ದಿನದ ಮೇಲೆ. ಡಿಸೆಂಬರ್ ಕೊನೇ ವಾರ ಮುಂಬೈ ಕಡೆ ಲಾರಿ ಹತ್ತಿಸಿ, ಬಿ.ಎಲ್. (ಮಾಲು ಹಡಗಿಗೆ ಏರಿತು ಅನ್ನೋ ಹಡಗಿನವರ ರಸೀದಿ) ತಾರೀಖು ಫ್ಯಾಕ್ಸ್‌ನಲ್ಲಿ ಬರೋವರೆಗೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ವೀಸಾ ಮುದ್ರೆ, ಅಂದರೆ ಮಾಲು ಕೋಟಾದ ಲೆಕ್ಕದಲ್ಲಿದೆ ಅಂತ ನಮ್ಮ ಕಡೆಯಿಂದ ಒತ್ತುತ್ತಿದ್ದ ಮುದ್ರೆ, ಅದರ ಬಗ್ಗೆಯೂ ಹೇಳಬೇಕು. ಮೂಲ ಇನ್‌ವಾಯ್ಸ್‌ನ ಮುಂಭಾಗದಲ್ಲಿ, ನೀಲಿ ಶಾಯಿಯಲ್ಲಿ, ದುಂಡನೆಯ ಮುದ್ರೆ. ಒಳಗೆ ವರ್ಷದ ಕೊನೇ ಅಂಕಿ, ಐಎನ್ ಅನ್ನೋ ಎರಡಕ್ಷರ, ಆರು ಅಂಕಿಯ ಕ್ರಮಸಂಖ್ಯೆ. ನಮೂನೆ ನಂಬರೋ ಪ್ರಮಾಣವೋ ತಪ್ಪಿದ್ದರೆ ಆ ವೀಸಾ ನಡೆಯೋದಿಲ್ಲ, ಹೊಸದು ತರಬೇಕು. ಮುದ್ರೆ ಬಿದ್ದ ಕಾಗದವನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿಯೇ ಕೊರಿಯರ್‌ಗೆ ಕೊಡುತ್ತಿದ್ದೆ.

1995ರಿಂದ ಹತ್ತು ವರ್ಷದಲ್ಲಿ ಕೋಟಾ ಹಂತಹಂತವಾಗಿ ತೆಗೆಯೋ ಒಪ್ಪಂದವಾಗಿತ್ತು. ಮೊದಲ ಮೂರು ಹಂತದಲ್ಲಿ ಶೇ. 16, 17, 18, ಉಳಿದ ಶೇ. 49 ಕೊನೇ ದಿನಕ್ಕೆ. ನಮಗೆ ಬೇಕಾದ ಬಿಸಿ ಬಿಸಿ ನಮೂನೆಗಳೆಲ್ಲ ಆ ಕೊನೇ ಗಂಟಿನಲ್ಲೇ ಇದ್ದವು. 2005ರ ಜನವರಿ 1ರಂದು ಹಳಬರ ಕೋಟಾ ಕಾಗದ ರದ್ದಿಯಾಯಿತು. ನಾವು ಖುಷಿಪಟ್ಟು ವಾರವಾಗಿರಲಿಲ್ಲ, ಏಜೆಂಟರ ಫ್ಯಾಕ್ಸ್ ಬಂತು: ಈವರೆಗೆ ದರದಲ್ಲಿ ಸೇರಿಸುತ್ತಿದ್ದ ಕೋಟಾ ಪ್ರೀಮಿಯಂ ತೆಗೆದು ಹೊಸ ದರ ಕೊಡಿ, ಚೀನಾದವರು ಆಗಲೇ ಕೊಟ್ಟಿದ್ದಾರೆ.