ಭೂಮಿ ಹುಣ್ಣಿಮೆಯ ರಾತ್ರಿ ಅಡುಗೆ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿ. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸುರಿ ಭೂಮಿತಾಯಿಗೆ ಬಯಕೆ ಊಟ ಬಡಿಸುವುದೇ ಭೂಮಿ ಹುಣ್ಣಿಮೆ. ಉತ್ತರ ಕರ್ನಾಟಕದವರು ಇದನ್ನೇ ಸೀಗೆ ಹುಣ್ಣಿಮೆ ಅಂತಾರೆ.

ಅಜ್ಜಿಯ ಕಾಲದಲ್ಲಿ ಕೆಲಸ ವಿಜಯದಶಮಿಗೇ ಶುರು. ಗದ್ದೆಗೆ ಎಡೆ ಒಯ್ಯಲು ಬಿದಿರಿನ 2 ಬುಟ್ಟಿ, ಒಂದು ದೊಡ್ಡದು, ಒಂದು ಸಣ್ಣದು. ಸಗಣಿ ಬಳಿದು ಒಣಗಿಸಿ, ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯಬೇಕು. ಕುಂಚ ಪುಂಡಿನಾರಿನದು. ನನ್ನ ಗೆರೆ ಯಾವಾಗಲೂ ಸೊಟ್ಟ. ಅಜ್ಜಿ ಬೈಯುತ್ತಿರಲಿಲ್ಲ. ನಾನು ಮಲಗಿದ ಮೇಲೆ ಸುಮ್ನೆ ಒರೆಸಿ ತಾನೇ ಬರೆದಿಡುತ್ತಿದ್ದಳು.

ಆಮೇಲೆ ಸೊಪ್ಪು. ಲೆಕ್ಕಕ್ಕೆ 101 ಬಗೆಯ ಕುಡಿ ಬೇಕು. ನಿಜ ಹೇಳ್ತೀನಿ, ನಾವು ಯಾವತ್ತೂ ಅಲ್ಲಿಗೆ ಮುಟ್ಟಿಲ್ಲ. ಕೆಸು, ಹರಿವೆ, ಒಂದೆಲಗ, ನುಗ್ಗೆ, ಕುಂಬಳದ ಕುಡಿ, ಬೇಲಿ ಮೇಲಿನ ಹೀರೆ. ಇಪ್ಪತ್ತು ದಾಟಿದ ಮೇಲೆ ಕೈಗೆ ಸಿಕ್ಕಿದ್ದು. ಅಜ್ಜಿ ಚಿಮಣಿ ದೀಪದ ಮುಂದೆ ಕೂತು ಒಂದೊಂದೇ ಎಲೆ ಹಿಸುಕಿ ಮೂಸಿ, ಬೇಡದ್ದನ್ನು ಆಚೆ ಎಸೆಯುತ್ತಿದ್ದಳು. ಅದನ್ನೆಲ್ಲ ಹೆಚ್ಚಿ ಅಕ್ಕಿ ಜೊತೆ ಬೇಯಿಸಿದರೆ ಅಚ್ಚಂಬಲಿ. ಅದು ಗದ್ದೆಗೆ, ನಮಗಲ್ಲ.

ನಮಗೆ ಸೌತೆಕಾಯಿ ಕಡುಬು, ಪಾಯಸ, ಚಿತ್ರಾನ್ನ, ಮೊಸರನ್ನ. ಎಲ್ಲ ರಾತ್ರಿಯೇ ಆಗಬೇಕು. ಸೌತೆಕಾಯಿ ತುರಿದು ಅಕ್ಕಿ ರವೆ, ಬೆಲ್ಲ ಕಲಸಿ ಬಾಳೆಲೆಯಲ್ಲಿ ಮಡಚಿ ಹಬೆಗೆ ಇಡುವುದು ನನ್ನ ಪಾಲು. ಎಡೆಗೆ ಮುಂಚೆ ಏನನ್ನೂ ರುಚಿ ನೋಡುವಂತಿಲ್ಲ. ಒಂದು ವರ್ಷ ನಿದ್ದೆಗಣ್ಣಲ್ಲಿ ಚಿತ್ರಾನ್ನಕ್ಕೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಗೊತ್ತಾಗಿದ್ದು ಗದ್ದೆಯಲ್ಲಿ, ಬಾಯಿಗಿಟ್ಟಾಗ. "ಬಸುರಿ ಬಾಯಿಗೆ ಉಪ್ಪು ಹುಳಿ ಜಾಸ್ತೀನೇ ಬೇಕು ಬಿಡೇ" ಅಂದಳು ಅಜ್ಜಿ. ಮನೆಯವರು ಮಾತ್ರ ಮೊಸರನ್ನ ತಿಂದರು.

ಬೆಳಗಿನ ಜಾವ ಅಪ್ಪ ಬುಟ್ಟಿ ಹೊತ್ತು, ಹಿಂದೆ ನಾವು. "ಅಚ್ಚಂಬಲಿ, ಹಾಲಂಬಲಿ" ಎಂದು ಕೂಗುತ್ತ ಗದ್ದೆಗೆಲ್ಲ ಆ ಅಂಬಲಿ ಎರಚಿ ಚರಗ ಚೆಲ್ಲುತ್ತಿದ್ದೆವು. ಅಮ್ಮ ಕೊರಳಿನ ಸರ ತೆಗೆದು ಭತ್ತದ ಪೈರಿಗೆ ಹಾಕಿ ಪೂಜೆ ಮಾಡುತ್ತಿದ್ದಳು. ಒಂದು ಎಡೆ ಕಾಗೆಗೆ, ಒಂದು ಇಲಿಗೆ, ಒಂದು ಮಣ್ಣಿನೊಳಗೆ. ಆಮೇಲೆ ಬದುವಿನ ಮೇಲೆ ಊಟ.

ಈಗ ಆ ಗದ್ದೆ ಅಡಿಕೆ ತೋಟವಾಗಿದೆ. ಹೋದ ವರ್ಷ ಅಲ್ಲೇ ಎಡೆ ಇಟ್ಟೆವು. ಅಮ್ಮನ ಸರ ಮರದ ಸುತ್ತ ಬರಲಿಲ್ಲ. ಪಕ್ಕದ ಸಣ್ಣ ಸಸಿಗೆ ಹಾಕಿದೆವು.