ಎಂಎಸ್‌ಗೆ ಅಪ್ಲೈ ಮಾಡೋರು ಎಲ್ಒಆರ್ (ರೆಕಮಂಡೇಶನ್ ಲೆಟರ್, ಅಂದ್ರೆ ಮೇಷ್ಟ್ರು ಬರೆಯೋ ಶಿಫಾರಸು ಪತ್ರ) ಬಗ್ಗೆ ಸ್ವಲ್ಪ ಗಮನ ಕೊಡಿ
ಅಮೆರಿಕದಲ್ಲಿ ಎಂಎಸ್ (ಮಾಸ್ಟರ್ಸ್ ಡಿಗ್ರಿ) ಮಾಡ್ಬೇಕು ಅಂತಿರೋ ಇಂಜಿನಿಯರಿಂಗ್ ಫೈನಲ್ ಇಯರ್‌ನವ್ರಿಗೆ ಒಂದು ಮಾತು. ಹೆಚ್ಚಿನ ಯೂನಿವರ್ಸಿಟಿಗಳು 3 ರೆಕಮಂಡೇಶನ್ ಲೆಟರ್ ಕೇಳ್ತವೆ, ಆಗ ನಮ್ಮ ಹುಡುಗ್ರು ಸೀದಾ ಪ್ರಿನ್ಸಿಪಾಲ್ ಇಲ್ಲಾ ಎಚ್ಒಡಿ (ವಿಭಾಗದ ಮುಖ್ಯಸ್ಥರು) ಹತ್ರ ಹೋಗ್ತಾರೆ, ದೊಡ್ಡ ಹುದ್ದೆ ಇದ್ರೆ ತೂಕ ಜಾಸ್ತಿ ಅಂತ. ಹಂಗೇನಿಲ್ಲ. ನಿಮ್ಮ ಪ್ರಾಜೆಕ್ಟ್ ಗೈಡ್ ಮಾಡಿದ, ಲ್ಯಾಬಲ್ಲಿ ನೀವು ಎಲ್ಲಿ ಸಿಕ್ಕಾಕೊಂಡ್ರಿ ಹೆಂಗೆ ಬಿಡಿಸ್ಕೊಂಡ್ರಿ ಅಂತ ಕಣ್ಣಾರೆ ನೋಡಿರೋ ಅಸಿಸ್ಟೆಂಟ್ ಪ್ರೊಫೆಸರ್ ಬರೆದ ಲೆಟರೇ ಮೇಲು. "ಒಳ್ಳೆ ಹುಡುಗ, ಶಿಸ್ತಿನವನು" ಅನ್ನೋ ಲೆಟರ್ ಯಾರಿಗೆ ಬೇಕಾದ್ರೂ ಹೊಂದುತ್ತೆ, ಅದ್ರಿಂದ ಅಡ್ಮಿಶನ್ ಕಮಿಟಿಗೆ ಏನೂ ಗೊತ್ತಾಗಲ್ಲ.

ಸುಮಾರು ಕಡೆ ಡೆಡ್‌ಲೈನ್ ಡಿಸೆಂಬರಲ್ಲೇ ಇರುತ್ತೆ, ಅದಕ್ಕೆ ಸೆಪ್ಟೆಂಬರ್ ಅಷ್ಟೊತ್ತಿಗೇ ಕೇಳ್ಬಿಡಿ, ಯಾಕಂದ್ರೆ ಆಮೇಲೆ ಮೇಷ್ಟ್ರುಗಳೂ ಇಂಟರ್ನಲ್ಸು, ಪರೀಕ್ಷೆ ಅಂತ ಬಿಜಿ ಇರ್ತಾರೆ. ಕೇಳುವಾಗ ರೆಸ್ಯೂಮೆ, ಮಾರ್ಕ್ಸ್ ಕಾರ್ಡು, ಅವ್ರ ಜೊತೆ ಮಾಡಿದ ಕೆಲಸದ ಬಗ್ಗೆ ಒಂದು ಪುಟ, ಕಾಲೇಜುಗಳ ಲಿಸ್ಟು ಎಲ್ಲಾ ಕೊಡಿ. "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂದ್ರೆ ಒಪ್ಕೋಬೇಡಿ ದಯವಿಟ್ಟು, ಅದು ತಪ್ಪು, ಮೂರೂ ಲೆಟರ್ ಒಬ್ರೇ ಬರೆದ ಥರ ಓದಿಸ್ಕೊಂಡ್ರೆ ಅನುಮಾನ ಬರುತ್ತೆ. ಪಾಯಿಂಟ್ಸ್ ಕೊಡ್ತೀನಿ ಸರ್, ನೀವೇ ಬರೀರಿ ಅಂತ ವಿನಯವಾಗಿ ಹೇಳಿ.

ಲೆಟರ್ ಅಪ್ಲೋಡ್ ಮಾಡೋ ಲಿಂಕ್ ಯೂನಿವರ್ಸಿಟಿಯಿಂದ ಸೀದಾ ಮೇಷ್ಟ್ರ ಇಮೇಲ್‌ಗೇ ಹೋಗುತ್ತೆ, ಅದಕ್ಕೆ ಅಪ್ಲಿಕೇಶನ್ನಲ್ಲಿ ಅವ್ರ ಕಾಲೇಜಿನ ಅಫಿಶಿಯಲ್ ಇಮೇಲ್ ಐಡಿನೇ ಕೊಡಿ, ಸ್ಪ್ಯಾಮ್ ಫೋಲ್ಡರೂ ನೋಡೋಕೆ ಹೇಳಿ. ಫಾರ್ಮಲ್ಲಿ ಲೆಟರ್ ನೋಡೋ ಹಕ್ಕು ಬಿಟ್ಕೊಡ್ತೀರಾ ಅಂತ ಕೇಳ್ತಾರೆ, ಹೌದು ಅಂತ ಕೊಡೋದೇ ವಾಸಿ, ಆಗ ಲೆಟರ್ ಮೇಲೆ ನಂಬಿಕೆ ಜಾಸ್ತಿ.