ಮಕ್ಕಳೊಂದಿಗೆ ಮುರುಗಲು ಕಸಿ ಕಟ್ಟುವುದು ಹೇಗೆ?

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ವನಮಹೋತ್ಸವದ ಸಂಭ್ರಮ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಗೊಂದು ಸಸಿ ಕೊಟ್ಟು ನೆಡಿಸುತ್ತೇವೆ. ಆ ಸಸಿ ಮುರುಗಲು, ಅಂದರೆ ಕೋಕಂ ಆಗಿದ್ದರೆ ಒಂದು ಪ್ರಶ್ನೆಯನ್ನು ಕೇಳುವುದು ಮರೆತೇ ಹೋಗುತ್ತದೆ: ಇದು ಗಂಡೋ, ಹೆಣ್ಣೋ?

ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಗಿಡ ಹೂ ಬಿಡಲು ಏಳೆಂಟು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಎಲೆ, ಕಾಂಡ ನೋಡಿ ಗುರುತಿಸಲು ಬರುವುದಿಲ್ಲ. ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡೇ ಆಗುವುದರಿಂದ, ಐದನೇ ತರಗತಿಯ ಮಗು ನೀರೆರೆದು ಬೆಳೆಸಿದ ಗಿಡ ಆ ಮಗು ಪಿಯುಸಿ ಮುಗಿಸುವ ಹೊತ್ತಿಗೆ ಹಣ್ಣು ಕೊಡದ ಮರವಾಗಿ ನಿಲ್ಲಬಹುದು. ಇದಕ್ಕೆ ಪರಿಹಾರ ಕಸಿ. ಹಣ್ಣು ಬಿಟ್ಟು ಗೊತ್ತಿರುವ ಮರದ ಕಡ್ಡಿಯನ್ನು ಸಸಿಯ ಮೇಲೆ ಕೂಡಿಸಿದರೆ ಆ ಗಿಡ ಹೆಣ್ಣೇ ಆಗುತ್ತದೆ, ನಾಲ್ಕೈದು ವರ್ಷಕ್ಕೇ ಫಲ ಕೊಡಲು ತೊಡಗುತ್ತದೆ. ಸಸ್ಯವಿಜ್ಞಾನವನ್ನು ಕೈಯಿಂದಲೇ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ. ಶಿಕ್ಷಕರಿಗೆ ಒಂದೆರಡು ವರ್ಷದ ತಾಳ್ಮೆ ಇದ್ದರೆ ಸಾಕು.

ಮೊದಲು ತಾಯಿಮರ

ಕಸಿಯೆಂದರೆ ಚಾಕುವಿನ ಕೈಚಳಕ ಎಂದುಕೊಂಡವರೇ ಹೆಚ್ಚು. ಅಸಲಿಗೆ ಅರ್ಧ ಕೆಲಸ ಮುಗಿಯುವುದು ತಾಯಿಮರದ ಆಯ್ಕೆಯಲ್ಲಿ. ಏಪ್ರಿಲ್–ಮೇ ತಿಂಗಳಲ್ಲಿ, ಹಣ್ಣಿನ ಕಾಲದಲ್ಲಿಯೇ ಇದನ್ನು ಮಾಡಬೇಕು. ಮಕ್ಕಳನ್ನು ಮನೆಯ ಹಿರಿಯರ ಬಳಿ ಕಳುಹಿಸಿ. ಯಾವ ಬೆಟ್ಟದ ಯಾವ ಮರದ ಸಿಪ್ಪೆ ದಪ್ಪ, ಯಾವುದರ ಬಣ್ಣ ಕಡುಗೆಂಪು, ಯಾವ ಮರ ಮಳೆ ಹಿಡಿಯುವ ಮೊದಲೇ ಹಣ್ಣಾಗುತ್ತದೆ ಎಂಬುದು ತೋಟಕ್ಕೆ ಸೊಪ್ಪು ತರುವ ಬೆಟ್ಟಕ್ಕೆ ದಿನವೂ ಹೋಗಿಬಂದ ಅಜ್ಜಿಯಂದಿರಿಗೆ ಬಾಯಿಪಾಠ. ಸಿಪ್ಪೆ ಒಣಗಿಸಿ ಮಾರುವವರಿಗೆ ಬೇಗ ಹಣ್ಣಾಗುವ ಮರವೇ ಬೇಕು, ಜೂನ್ ಮಳೆಯಲ್ಲಿ ಉದುರಿದ ಹಣ್ಣು ಕೊಳೆತುಹೋಗುತ್ತದೆ. ಕೆಲವು ಕಡೆ ಹಳದಿ ಹಣ್ಣಿನ ಬಿಳಿ ಮುರುಗಲೂ ಸಿಗುತ್ತದೆ. ಅಂಥ ಮರ ಕಂಡರೆ ಅದನ್ನು ಬಿಡಲೇಬೇಡಿ, ಆ ಬಣ್ಣವನ್ನು ಹಾಗೆಯೇ ಉಳಿಸಿಕೊಳ್ಳುವ ಖಚಿತ ದಾರಿ ಕಸಿಯೇ.

ಆರಿಸಿದ ಮರಕ್ಕೆ ತಗಡಿನ ತುಂಡಿನಲ್ಲಿ ಸಂಖ್ಯೆ ಕೆತ್ತಿ ತೂಗುಹಾಕಿ. ಸಂಖ್ಯೆ, ಊರು, ಹಣ್ಣಿನ ಗುಣ ಎಲ್ಲವೂ ಒಂದು ಪುಸ್ತಕದಲ್ಲಿ ದಾಖಲಾಗಲಿ. ಸಸ್ಯೋದ್ಯಾನಗಳು ಇಟ್ಟುಕೊಳ್ಳುವ ದಾಖಲೆಯೂ ಮೂಲತಃ ಇದೇ ಬಗೆಯದು.

ಬೀಜ ಮತ್ತು ಬೇರುಗಿಡ

ಅದೇ ಹಂಗಾಮಿನ ಹಣ್ಣಿನಿಂದ ಬೀಜ ತೆಗೆದು, ತಿರುಳು ಹೋಗುವಂತೆ ಬೂದಿ ಹಾಕಿ ತಿಕ್ಕಿ ತೊಳೆದು, ನೆರಳಿನಲ್ಲಿ ಆರಿಸಿ, ಕೆಲವೇ ದಿನಗಳಲ್ಲಿ ಬಿತ್ತಬೇಕು. ಮುರುಗಲು ತುಪ್ಪ ತೆಗೆಯಲೆಂದು ಬಿಸಿಲಿನಲ್ಲಿ ಒಣಗಿಸಿಟ್ಟ ಬೀಜ ಬಿತ್ತನೆಗೆ ಒದಗುವುದಿಲ್ಲ. ಮಳೆಕಾಡಿನ ಎಷ್ಟೋ ಮರಗಳ ಬೀಜಗಳಂತೆ ಇದೂ ಒಳಗಿನ ತೇವ ಕಳೆದುಕೊಂಡರೆ ಸಾಯುತ್ತದೆ. ಭತ್ತದ ಬೀಜವನ್ನು ವರ್ಷವಿಡೀ ಕಣಜದಲ್ಲಿ ಇಡಬಹುದು, ಮುರುಗಲಿನದನ್ನು ಏಕೆ ಆಗದು ಎಂದು ಇಲ್ಲಿ ಮಕ್ಕಳಿಗೆ ಕೇಳಿ. ಬೇಕಿದ್ದರೆ ಮುರುಗಲಿನ ಹಸಿ ಬೀಜ, ಒಣಗಿಸಿದ ಬೀಜ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತಿಸಿ, ಅವರೇ ನೋಡಲಿ.

ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಪ್ಲಾಸ್ಟಿಕ್ ಕೊಟ್ಟೆ ಸಾಕು. ಮೊಳೆಯಲು ಕೆಲವು ವಾರಗಳೇ ಬೇಕು. ವರ್ಷ ಕಳೆದು ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದ ಸಸಿಯೇ ಬೇರುಗಿಡ. ಕಾಯುವಷ್ಟು ವ್ಯವಧಾನವಿಲ್ಲದಿದ್ದರೆ ನರ್ಸರಿಯಿಂದ ಬೀಜದ ಸಸಿ ತನ್ನಿ.

ನೆಟ್ಟಗಿನ ಕುಡಿಯನ್ನೇ ಆರಿಸಿ

ಮುರುಗಲು ಮರವನ್ನು ತುಸು ದೂರದಿಂದ ನೋಡಿ. ನಡುಕಾಂಡ ನೇರ ಮೇಲೇರುತ್ತದೆ, ಅಡ್ಡಟೊಂಗೆಗಳು ಜೋತುಬಿದ್ದಿರುತ್ತವೆ. ಅಡ್ಡಟೊಂಗೆಯ ಕಡ್ಡಿ ತಂದು ಕಸಿ ಕಟ್ಟಿದರೆ ಕೂಡಿಕೊಳ್ಳುವುದೇನೋ ಹೌದು, ಆದರೆ ಗಿಡ ಮೇಲೇಳುವುದನ್ನು ಬಿಟ್ಟು ನೆಲದ ಮೇಲೆ ಪೊದೆಯಾಗಿ ಹರಡುತ್ತದೆ. ಕಡ್ಡಿ ತನ್ನ ಹಳೆಯ ಬೆಳವಣಿಗೆಯ ದಿಕ್ಕನ್ನು ಹೊಸ ಬೇರಿನ ಮೇಲೂ ಬಿಡುವುದಿಲ್ಲ. ಆದ್ದರಿಂದ ನೆಟ್ಟಗೆ ಮೇಲ್ಮುಖವಾಗಿ ಎದ್ದ ಕುಡಿಯನ್ನೇ ಹುಡುಕಬೇಕು. ಒಂದು ಮರದಲ್ಲಿ ಅಂಥವು ಕಡಿಮೆ, ಅದಕ್ಕೇ ಎರಡು ಮೂರು ತಾಯಿಮರಗಳನ್ನು ಗುರುತಿಸಿಟ್ಟಿರುವುದು ಒಳ್ಳೆಯದು.

ಕಸಿಗೆ ವಾರ, ಹತ್ತು ದಿನ ಮೊದಲು ಆ ಕುಡಿಯ ಎಲೆಗಳನ್ನು, ತೊಟ್ಟು ಉಳಿಯುವಂತೆ ಕತ್ತರಿಸಿ. ತೊಟ್ಟು ತಾನಾಗಿ ಉದುರಿ ತುದಿಮೊಗ್ಗು ಉಬ್ಬಿದಾಗ ಕಡ್ಡಿ ಸಿದ್ಧವಾಯಿತು. ನಾಲ್ಕರಿಂದ ಆರು ಇಂಚು ಉದ್ದ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಅದೇ ದಿನ ಬಳಸಿ. ಮಳೆಯ ಅಬ್ಬರ ತಗ್ಗಿ ಗಾಳಿಯಲ್ಲಿ ಇನ್ನೂ ತೇವವಿರುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಈ ಕೆಲಸಕ್ಕೆ ಹದವಾದ ಕಾಲ.

ಕೊಯ್ದು ಕೂಡಿಸುವುದು

ಬೇರುಗಿಡವನ್ನು ಮಣ್ಣಿನಿಂದ ಆರೇಳು ಇಂಚು ಮೇಲೆ, ಕೆಳಗೆ ಒಂದೆರಡು ಜೊತೆ ಎಲೆ ಉಳಿಸಿಕೊಂಡು ಅಡ್ಡಕ್ಕೆ ಕತ್ತರಿಸಿ. ಕತ್ತರಿಸಿದ ತುದಿಯ ನಡುವೆ ಒಂದೂವರೆ ಇಂಚಿನಷ್ಟು ಸೀಳಿ. ಕಡ್ಡಿಯ ಬುಡವನ್ನು ಎರಡೂ ಬದಿಯಿಂದ ಅಷ್ಟೇ ಉದ್ದಕ್ಕೆ ಬೆಣೆಯಾಕಾರದಲ್ಲಿ ಹೆರೆಯಿರಿ. ಒಂದೇ ಎಳೆತಕ್ಕೆ ನುಣುಪಾದ ಮೈ ಬರಬೇಕು, ತಿರುಗಿ ತಿರುಗಿ ಕೆತ್ತಿದರೆ ಮೈ ಏರುಪೇರಾಗಿ ನಡುವೆ ಗಾಳಿ ಉಳಿಯುತ್ತದೆ. ಚಾಕು ದೊಡ್ಡವರ ಕೈಯಲ್ಲೇ ಇರಲಿ. ಪ್ರೌಢಶಾಲೆಯ ಮಕ್ಕಳಾದರೆ ಮೊದಲು ದಾಸವಾಳದ ಕಡ್ಡಿಗಳ ಮೇಲೆ ಕೈ ಪಳಗಿಸಿಕೊಳ್ಳಲಿ.

ಕೊಯ್ದ ಕೂಡಲೇ ಹಳದಿ ಸೊನೆ ಒಸರುತ್ತದೆ. ಶುಭ್ರ ಬಟ್ಟೆಯಿಂದ ಒರೆಸಿ. ಈಗ ಭೂತಗನ್ನಡಿ ಹಿಡಿದು ಕೊಯ್ದ ಅಂಚನ್ನು ಮಕ್ಕಳಿಗೆ ತೋರಿಸಿ. ತೊಗಟೆಗೂ ಕಟ್ಟಿಗೆಗೂ ನಡುವೆ ತೆಳುವಾದ ಜಿನುಗುವ ಪದರವೊಂದಿದೆ. ಹೊಸ ಜೀವಕೋಶ ಹುಟ್ಟುವುದು ಅಲ್ಲಿ. ಇದಕ್ಕೆ ಕ್ಯಾಂಬಿಯಂ ಎಂದು ಹೆಸರು. ಕಡ್ಡಿಯ ಈ ಪದರ ಬೇರುಗಿಡದ ಈ ಪದರಕ್ಕೆ ತಾಗಿದರಷ್ಟೇ ಎರಡೂ ಬೆಸೆದುಕೊಳ್ಳುತ್ತವೆ. ಕಡ್ಡಿ ಸಣ್ಣದಾಗಿದ್ದರೆ ನಡುವೆ ಇಡದೆ ಒಂದು ಅಂಚಿಗೆ ಸರಿಸಿ ತೊಗಟೆಗೆ ತೊಗಟೆ ಹೊಂದಿಸಿ.

ಚುರುಕಾದ ಮಗು ಇಲ್ಲಿ ಕೇಳಿಯೇ ಕೇಳುತ್ತದೆ: ಹಾಗಾದರೆ ಅಡಿಕೆಗೂ ಕಸಿ ಕಟ್ಟಬಹುದಲ್ಲ? ಆಗದು. ಅಡಿಕೆ, ತೆಂಗುಗಳ ಕಾಂಡದಲ್ಲಿ ಈ ಪದರದ ಉಂಗುರವೇ ಇಲ್ಲ. ಕಾಳುಮೆಣಸಿಗೆ ಇಂಥ ಬೆಸುಗೆ ಸಾಧ್ಯ. ಸೊರಗು ರೋಗ ತಡೆಯಲು ಮೆಣಸಿನದೇ ಜಾತಿಯ ಬ್ರೆಜಿಲ್ ಹಿಪ್ಪಲಿಯ ಮೇಲೆ ಕಟ್ಟಿದ ಮೆಣಸಿನ ಬಳ್ಳಿ ಈ ಭಾಗದ ತೋಟಗಳಲ್ಲಿ ನೋಡಲು ಸಿಗುತ್ತದೆ. ಒಂದು ಬಳ್ಳಿಯನ್ನು ತೋರಿಸಿ ಬನ್ನಿ.

ಸೇರಿಸಿದ ಜಾಗಕ್ಕೆ ಬೆರಳಗಲದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿ. ಈ ಕೆಲಸಕ್ಕೆ ಮಕ್ಕಳ ಸಣ್ಣ ಬೆರಳುಗಳೇ ವಾಸಿ. ಮೇಲೆ ಐಸ್‌ಕ್ಯಾಂಡಿಯ ಉದ್ದ ಪ್ಲಾಸ್ಟಿಕ್ ಕೊಳವೆಯನ್ನು ಟೊಪ್ಪಿಗೆಯಾಗಿ ತೊಡಿಸಿ, ಕೆಳಗೆ ಕಟ್ಟಿ. ಒಳಗೆ ತೇವ ನಿಂತು ಕಡ್ಡಿ ಒಣಗದೆ ಉಳಿಯುತ್ತದೆ.

ಆಮೇಲಿನ ಆರೈಕೆ

ಗಿಡ ನೆರಳಿನಲ್ಲಿರಲಿ, ಮಣ್ಣು ಒಣಗದಿರಲಿ. ಕೆಲವು ವಾರಗಳಲ್ಲಿ ಕೆಂಪನೆಯ ಎಳೆಚಿಗುರು ಕಂಡಾಗ ಟೊಪ್ಪಿಗೆ ತೆಗೆಯಿರಿ, ಅದೂ ಸಂಜೆಯ ತಂಪಿನಲ್ಲಿ. ಪಟ್ಟಿಯನ್ನು ಬಿಚ್ಚಲು ಮೂರ್ನಾಲ್ಕು ತಿಂಗಳು ಕಾಯಿರಿ. ಕಸಿಯ ಗಂಟಿನಿಂದ ಕೆಳಗೆ ಬರುವ ಚಿಗುರನ್ನೆಲ್ಲ ಆಗಾಗ ಚಿವುಟುತ್ತಿರಬೇಕು. ಅವು ಬೇರುಗಿಡದವು, ಬಿಟ್ಟರೆ ಮೇಲಿನ ಕಡ್ಡಿಯನ್ನು ಸೊರಗಿಸಿ ತಾವೇ ಮರವಾಗುತ್ತವೆ.

ಮುಂದಿನ ಜೂನ್‌ನಲ್ಲಿ ಗಂಟು ಮಣ್ಣಿನಿಂದ ಮೇಲಿರುವಂತೆ, ಗಿಡದಿಂದ ಗಿಡಕ್ಕೆ ಇಪ್ಪತ್ತು ಅಡಿ ಅಂತರದಲ್ಲಿ ನೆಟ್ಟು ಬುಡಕ್ಕೆ ದರಕಿನ, ಅಂದರೆ ಒಣ ಎಲೆಗಳ ಮುಚ್ಚಿಗೆ ಕೊಡಿ. ಸುತ್ತಮುತ್ತ ಬೆಟ್ಟದಲ್ಲಿ ಮುರುಗಲು ಇರುವ ಊರಾದರೆ ಪರಾಗಕ್ಕೆ ಕೊರತೆಯಿಲ್ಲ. ಪೇಟೆಯ ಶಾಲೆಯಾದರೆ ಚಳಿಗಾಲದಲ್ಲಿ ಹೂ ಬಿಟ್ಟಾಗ, ಗೊಂಚಲು ಹೂಗಳಲ್ಲಿ ಕೇಸರಗಳಷ್ಟೇ ಕಿಕ್ಕಿರಿದ ಗಂಡು ಮರವೊಂದನ್ನು ಗುರುತಿಸಿಟ್ಟುಕೊಳ್ಳಿ. ಅದರ ನೆಟ್ಟಗಿನ ಕುಡಿಯಿಂದ ಒಂದು ಕಸಿ ಕಟ್ಟಿ, ಹೆಣ್ಣು ಗಿಡಗಳ ಸಾಲಿನ ಪಕ್ಕದಲ್ಲೇ ನೆಡಿ.